ನುಂಗಿದ ಮಜ್ಜಿಗೆ

ನಮ್ಮೂರಲ್ಲಿ ಮೊಸರಿನ ಗಡಿಗೆಯನ್ನು ನೆಲದ ಮೇಲೆ ಇಡುವ ಪದ್ಧತಿ ತಪ್ಪಿ ಬಹಳ ಕಾಲವಾಯಿತು. ನನ್ನ ಅತ್ತೆಯ ಕಾಲದಲ್ಲಿ ಗಡಿಗೆ ಅಡುಗೆಮನೆಯ ಮೂಲೆಯಲ್ಲಿ ಸಿಂಬಿಯ ಮೇಲೆ ಕೂರುತ್ತಿತ್ತು. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಅದು ಮಣೆ ಹತ್ತಿತು, ಆಮೇಲೆ ಸ್ಟೂಲು ಹತ್ತಿತು, ನಮ್ಮ ಯಜಮಾನರು ತೀರಿಕೊಂಡ ವರ್ಷ ನೆಲುವಿಗೇರಿತು. ಜಂತಿಯಿಂದ ಹಗ್ಗದಲ್ಲಿ ತೂಗುವ ಈ ನೆಲುವನ್ನು ಬೇರೆ ಊರಿನವರು ಬೆಕ್ಕಿಗೆ ಹೆದರಿ ಕಟ್ಟುತ್ತಾರೆ. ನಾವು ನೆಲಕ್ಕೆ ಹೆದರಿ ಕಟ್ಟಿದೆವು. ಹಾಗೆಂದು ಬಾಯಿಬಿಟ್ಟು ಹೇಳುವವರು ಮಾತ್ರ ಯಾರೂ ಇರಲಿಲ್ಲ. ಕೇಳಿದರೆ ಬೆಕ್ಕಿನ ಕಾಟ ಎನ್ನುತ್ತಿದ್ದರು. ಊರಿನ ಬೆಕ್ಕುಗಳೆಲ್ಲ ಯಾವತ್ತೋ ಮಾಳಿಗೆ ಸೇರಿಕೊಂಡಿದ್ದವು, ಅವು ಕೆಳಗಿಳಿದದ್ದನ್ನು ನೋಡಿದವರೇ ಇರಲಿಲ್ಲ.

ನೆಲ ಬಿಸಿಯಾಗುವುದು ಕೆಳಗೇರಿಯಿಂದ ಶುರುವಾಗಿತ್ತು. ಅಲ್ಲಿಂದ ಒಂದೊಂದೇ ಬೀದಿ ಹತ್ತಿಕೊಂಡು ಮೇಲೆ ಬರುತ್ತಿತ್ತು. ಒಮ್ಮೆ ಕಾದ ನೆಲ ಮತ್ತೆ ಆರುತ್ತಿರಲಿಲ್ಲ, ಮಳೆ ಬಿದ್ದರೆ ಒಂದಿಷ್ಟು ಹೊತ್ತು ಆವಿಯಾಡಿ ಮತ್ತೆ ಮೊದಲಿನಂತಾಗುತ್ತಿತ್ತು. ಜನ ಹೊಂದಿಕೊಂಡರು. ಹೊಂದಿಕೊಳ್ಳುವುದರಲ್ಲಿ ನಮ್ಮೂರಿನವರನ್ನು ಮೀರಿಸುವವರು ಇನ್ನೂ ಹುಟ್ಟಿಲ್ಲ. ತಾಮ್ರದ ಹಂಡೆಯನ್ನು ಅಂಗಳದಲ್ಲಿಟ್ಟು ಸ್ನಾನದ ನೀರು ಕಾಯಿಸಿಕೊಂಡರು. ಹಪ್ಪಳವನ್ನು ಜಗಲಿಯ ಮೇಲೆಯೇ ಸುಟ್ಟುಕೊಂಡರು. ಕೋಳಿಗಳು ಕಾವು ಕೂರುವುದನ್ನು ಬಿಟ್ಟು, ಮೊಟ್ಟೆಯನ್ನು ನೆಲದ ಸುಪರ್ದಿಗೆ ಒಪ್ಪಿಸಿ ತಿರುಗಾಡಲು ಹೋದವು. ಚಿಕ್ಕವರು ದೊಡ್ಡವರೆನ್ನದೆ ಎಲ್ಲರ ಕಾಲಿಗೂ ಮರದ ಮೆಟ್ಟು ಬಂದವು. ಮದುವೆಯಲ್ಲಿ ಅಳಿಯನಿಗೆ ಬೀಟೆ ಮರದ ಮೆಟ್ಟು ಕೊಡುವುದೇ ಮರ್ಯಾದೆಯಾಯಿತು. ವರ್ಷದಿಂದ ವರ್ಷಕ್ಕೆ ಅವುಗಳ ಅಟ್ಟೆ ದಪ್ಪವಾಗುತ್ತಾ ಹೋಗಿ, ನಾವು ಹೆಂಗಸರೂ ಬಾಗಿಲಲ್ಲಿ ತಲೆ ತಗ್ಗಿಸಿ ಹೋಗುವಷ್ಟು ಎತ್ತರವಾದೆವು. ಅದಕ್ಕೂ ಕಾರಣವಿತ್ತು. ಈಗಿನ ಫ್ಯಾಷನ್ನು ಅಂತೆ.

ಊರು ಬದುಕಿದ್ದು ಸುಣ್ಣದ ಗೂಡುಗಳಿಂದ. ಕೆರೆಯ ಆಚೆ ದಡದಲ್ಲಿ ಸಾಲಾಗಿ ನಿಂತ ಗೂಡುಗಳಲ್ಲಿ ಹಗಲಿರುಳು ಕಲ್ಲು ಬೇಯುತ್ತಿತ್ತು. ಗೂಡು ಹೆಚ್ಚಿದ ಹಾಗೆಲ್ಲ ನೆಲದ ಬಿಸಿಯೂ ಹೆಚ್ಚುತ್ತಿದೆ ಎಂಬುದು ಕಣ್ಣಿದ್ದವರಿಗೆ ಕಾಣುತ್ತಿತ್ತು. ಆದರೆ ಗೂಡಿನ ಅನ್ನ ಉಣ್ಣದ ಮನೆ ಊರಲ್ಲಿರಲಿಲ್ಲ. ನಾನೇನು ಹೊರತಲ್ಲ. ಗೂಡಿನ ಆಳುಗಳು ಮಧ್ಯಾಹ್ನ ತಂಪಾಗಲು ಕುಡಿಯುತ್ತಿದ್ದುದು ನನ್ನ ಮನೆಯ ಮಜ್ಜಿಗೆ. ಅವರ ದಾಹ ಹೆಚ್ಚಿದಷ್ಟೂ ನನ್ನ ವ್ಯಾಪಾರ ಹೆಚ್ಚುತ್ತಿತ್ತು. ನನ್ನ ಹೆಸರು ಗಂಗಾಂಬಿಕೆ ಎಂಬುದನ್ನು ಮರೆತು ಊರೆಲ್ಲ ನನ್ನನ್ನು ಮೊಸರಕ್ಕ ಎಂದೇ ಕರೆಯುತ್ತಿತ್ತು, ಆ ಹೆಸರು ನನಗೂ ಹಿತವಾಗಿತ್ತು.

ಆದರೆ ಮೊಸರಿಗೆ ಒಂದು ಹದ ಬೇಕು. ಮೊದಲು ನಾನು ರಾತ್ರಿ ಹೆಪ್ಪು ಹಾಕಿ ಮಲಗಿ ಬೆಳಿಗ್ಗೆ ಎದ್ದರೆ ಚಾಕುವಿನಿಂದ ಕೊಯ್ಯುವಂಥ ಮೊಸರು ಸಿದ್ಧವಿರುತ್ತಿತ್ತು. ಈಗ ಹೆಪ್ಪು ಹಾಕಿ, ಹೊರಗೆ ರಂಗೋಲಿ ಬಿಟ್ಟು ಒಳಗೆ ಬರುವಷ್ಟರಲ್ಲಿ ಹುಳಿ ವಾಸನೆ ಬರುತ್ತಿತ್ತು. ಪಕ್ಕದ ಮನೆಯವರು ಬಿಸಿ ತಡೆಯಲಾಗದೆ ಬಾಗಿಲು ಹಾಕಿ ಹೋಗಿಯಾಗಿತ್ತು. ಆ ಬಿಸಿ ನನ್ನ ಹೊಸ್ತಿಲು ದಾಟಿದರೆ ಅತ್ತೆಯಿಂದ ಬಂದ ಮನೆಯೂ ಹೋಯಿತು, ಮೊಸರೂ ಹೋಯಿತು, ಮೊಸರಕ್ಕನೂ ಹೋದಳು. ತಡೆಯಲು ಇದ್ದದ್ದು ಒಂದೇ ದಾರಿ. ಗೂಡುಗಳಲ್ಲಿ ಅರ್ಧವನ್ನಾದರೂ ಆರಿಸಬೇಕು. ಅದನ್ನು ತೀರ್ಮಾನಿಸಬೇಕಾದ ಜಾಗ ಮೇಲಿನ ಬೀದಿಯ ಮಂಟಪ.

ಬೇರೆ ಊರುಗಳ ಸಭೆಯಲ್ಲಿ ಜನ ತಮಗನಿಸಿದ್ದನ್ನು ಮಾತಾಡುತ್ತಾರಂತೆ. ನಮ್ಮಲ್ಲಿ ಗಡಿಗೆ ಹೇಳಿದ್ದನ್ನು ಮಾತಾಡಬೇಕು. ಯುಗಾದಿಯ ಮಾರನೇ ದಿನ ಊರು ಮಂಟಪದಲ್ಲಿ ಸೇರುತ್ತದೆ. ಒಂದು ವಿಷಯಕ್ಕೆ ಇಬ್ಬರು ಮಾತುಗಾರರು. ಗಡಿಗೆಯೊಳಗೆ ಒಂದು ಬಿಳಿ ಕಲ್ಲು, ಒಂದು ಕರಿ ಕಲ್ಲು. ಇಬ್ಬರೂ ಕಣ್ಣು ಮುಚ್ಚಿ ಕೈ ಹಾಕುತ್ತಾರೆ. ಬಿಳಿ ಸಿಕ್ಕವನು ಹೌದು ಎಂದು ವಾದಿಸಬೇಕು, ಕರಿ ಸಿಕ್ಕವನು ಅಲ್ಲ ಎಂದು ವಾದಿಸಬೇಕು, ಅವನ ಮನಸ್ಸಿನಲ್ಲಿ ಏನೇ ಇರಲಿ. ಒಂದೇ ಅಳತೆಯ ಎಣ್ಣೆ ಹಾಕಿದ ಎರಡು ಹಣತೆಯನ್ನು ಒಂದಾದ ಮೇಲೊಂದು ಹಚ್ಚುತ್ತಾರೆ. ತನ್ನ ಹಣತೆ ಆರುವ ತನಕ ಒಬ್ಬೊಬ್ಬನಿಗೂ ಮಾತು. ಸೂರ್ಯ ಮೂಡುತ್ತಾನೋ ಇಲ್ಲವೋ ಎಂಬ ಪ್ರಶ್ನೆ ಬಂದರೂ ಇಲ್ಲ ಎನ್ನುವವನಿಗೂ ಅಷ್ಟೇ ಎಣ್ಣೆ. ಇದು ನ್ಯಾಯವೆಂದು ನಮ್ಮ ಹಿರಿಯರು ತಿಳಿದಿದ್ದರು, ನಾವೂ ತಿಳಿದಿದ್ದೆವು.

ಆದರೆ ಹಿರಿಯರೇನೂ ಪೂರ್ತಿ ದಡ್ಡರಲ್ಲ. ಮಾತು ಮುಗಿದ ಮೇಲೆ ಮಜ್ಜಿಗೆ ಎಂಬುದೊಂದನ್ನು ಇಟ್ಟಿದ್ದರು. ಹಣತೆ ಆರಿದ ಮೇಲೆ ಇಬ್ಬರಿಗೂ ಒಂದೊಂದು ಲೋಟ ಮಜ್ಜಿಗೆ ಕೊಡುತ್ತಾರೆ. ಆಡಿದ್ದು ತನ್ನ ಮನಸ್ಸಿನ ಮಾತೇ ಆಗಿದ್ದರೆ ಅವನು ಅದನ್ನು ಕುಡಿಯುತ್ತಾನೆ. ಬರೀ ಕಲ್ಲಿನ ಮಾತಾಗಿದ್ದರೆ ಬಾಯಿ ಮುಕ್ಕಳಿಸಿ ಎಲ್ಲರೂ ನೋಡುವಂತೆ ಅಂಗಳಕ್ಕೆ ಉಗಿಯುತ್ತಾನೆ. ಯಾವ ಮಾತನ್ನು ನಂಬಬೇಕು, ಯಾವುದನ್ನು ಕೇಳಿ ಮರೆಯಬೇಕು ಎಂಬುದು ಜನಕ್ಕೆ ಅದರಿಂದ ತಿಳಿಯುತ್ತಿತ್ತು. ಆಮೇಲೆ ಹೌದು ಎನ್ನುವವರು ಬಲಬಾಗಿಲಿನಿಂದ, ಅಲ್ಲ ಎನ್ನುವವರು ಎಡಬಾಗಿಲಿನಿಂದ ಹೊರಗೆ ಹೋಗುತ್ತಾರೆ. ಯಾವ ಬಾಗಿಲಲ್ಲಿ ಹೆಚ್ಚು ಜನವೋ ಅದೇ ತೀರ್ಮಾನ. ಆ ಮಜ್ಜಿಗೆ ಕೊಡುವ ಹಕ್ಕು ನನ್ನ ಅತ್ತೆಯ ಮನೆತನದ್ದು, ಹಾಗಾಗಿ ನನ್ನದು.

ಗೂಡು ಆರಿಸಬೇಕೇ ಎಂಬ ವಿಷಯಕ್ಕೆ ಹೌದು ಎನ್ನುವವನು ನನ್ನ ಒಡಹುಟ್ಟಿದ ತಮ್ಮ ಮರುಳಸಿದ್ದ. ಮೇಲಿನ ಬೀದಿಯಲ್ಲಿ ದರ್ಜಿ ಅಂಗಡಿ ಇಟ್ಟುಕೊಂಡಿದ್ದ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುವ ಅಭ್ಯಾಸದಿಂದ ಸೂಜಿ ಇಲ್ಲದಾಗಲೂ ಅವನ ಮಾತು ಅರ್ಧ ಒಳಗೇ ಉಳಿಯುತ್ತಿತ್ತು. ಅವನ ಎದುರಾಳಿ ಗೂಡಿನ ಪಂಚಾಕ್ಷರಪ್ಪ, ಊರಿನ ಅರ್ಧಕ್ಕರ್ಧ ಗೂಡುಗಳ ಯಜಮಾನ. ಹಲವು ವರ್ಷದಿಂದ ಅದೇ ಜೋಡಿ, ಹಲವು ವರ್ಷದಿಂದ ಸಿದ್ದನಿಗೆ ಬಿಳಿಕಲ್ಲು, ಪಂಚಾಕ್ಷರಪ್ಪನಿಗೆ ಕರಿಕಲ್ಲು. ಗಡಿಗೆಗೂ ಅಭ್ಯಾಸವಾಗಿಬಿಟ್ಟಿದೆ ಎಂದು ಜನ ನಗುತ್ತಿದ್ದರು. ಸಿದ್ದ ಪ್ರತಿ ಸಲವೂ ಯಾವ ಬೀದಿಯ ನೆಲ ಯಾವಾಗ ಕಾಯಿತು, ಆಗ ಎಷ್ಟು ಗೂಡು ಉರಿಯುತ್ತಿದ್ದವು ಎಂದು ತಲೆ ತಗ್ಗಿಸಿ ಒಪ್ಪಿಸುತ್ತಿದ್ದ. ಹಣತೆ ಅರ್ಧ ಆಗುವಷ್ಟರಲ್ಲಿ ಮುಂದಿನ ಸಾಲಿನಲ್ಲಿ ಗೊರಕೆ ಕೇಳಿಸುತ್ತಿತ್ತು. ಕೊನೆಗೆ ಅವನು ಮಜ್ಜಿಗೆ ಕುಡಿಯುತ್ತಿದ್ದ, ಪಂಚಾಕ್ಷರಪ್ಪನೂ ಕುಡಿಯುತ್ತಿದ್ದ, ಜನ ಎಡಬಾಗಿಲಿನಿಂದ ಹೋಗುತ್ತಿದ್ದರು. ತಮ್ಮನ ಮಾತು ಕೇಳಿ ಆಕಳಿಸುವವರನ್ನು ಕಂಡರೆ ನನಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು. ನಿಜ ಹೇಳಬೇಕೆಂದರೆ ತಮ್ಮನ ಬಗ್ಗೆಯೇ ಮುಜುಗರವಾಗುತ್ತಿತ್ತು.

ಆ ವರ್ಷ ಗಡಿಗೆ ಅಭ್ಯಾಸ ಮರೆಯಿತು. ಸಿದ್ದನ ಕೈಗೆ ಕರಿಕಲ್ಲು ಬಂತು. ಮಂಟಪದಲ್ಲಿ ಗುಜುಗುಜು ಎದ್ದಿತು. ಅವನು ಮಜ್ಜಿಗೆ ಗಡಿಗೆಯ ಹತ್ತಿರ ಕೂತಿದ್ದ ನನ್ನ ಕಡೆ ಬಗ್ಗಿ ಮೆಲ್ಲಗೆ ಹೇಳಿದ.

"ಹೆದ್ರಬೇಡ ಅಕ್ಕ. ನಾನು ಮಾತಾಡಿದ್ರೆ ಜನ ನಿದ್ದೆ ಮಾಡ್ತಾರೆ ಅಲ್ವಾ? ಈ ಸಲ ಆ ನಿದ್ದೆನೇ ನಿನ್ನ ಮನೆ ಉಳಿಸುತ್ತೆ."

"ಆಮೇಲೆ ಉಗಿಯೋದು ಮರೀಬೇಡ" ಎಂದೆ ನಾನು.

"ಅದನ್ನ ಮರೀತೀನಾ?"

ಮೊದಲು ಪಂಚಾಕ್ಷರಪ್ಪ ಮಾತಾಡಿದ. ಗೂಡಿನ ಯಜಮಾನನೇ ಗೂಡು ಆರಿಸಿ ಎಂದು ವಾದಿಸಬೇಕಾದ ಪೇಚು. ಆದರೂ ಮನುಷ್ಯ ಮಂಟಪಕ್ಕೆ ಮೋಸ ಮಾಡಲಿಲ್ಲ. ಗೂಡಿನ ಬುಡದ ಮಣ್ಣನ್ನು ಮುಟ್ಟಲಾಗುವುದಿಲ್ಲ, ಆಳುಗಳು ಬರಬರುತ್ತಾ ಎರಡು ಜೊತೆ ಮೆಟ್ಟು ಕೇಳುತ್ತಿದ್ದಾರೆ, ಬಿಸಿ ಎಲ್ಲಿಂದ ಹೊರಟಿತೆಂದು ತನಗೆ ಗೊತ್ತಿಲ್ಲದೇ ಇಲ್ಲ ಎಂದು ಒಣ ದನಿಯಲ್ಲಿ ಹೇಳಿದ. ಇಷ್ಟು ದಿನ ಅವನೇ ಅಲ್ಲಗಳೆದ ಮಾತುಗಳು ಅವನ ಬಾಯಲ್ಲೇ ಬಂದವು. ಜನ ಕಾಲು ಚಾಚಿ ಕೇಳಿದರು.

ಸಿದ್ದ ಎದ್ದು ನಿಂತ. ಶುರುವಿನಲ್ಲಿ ತೊದಲಿದ. "ನೆಲ ಬಿಸಿ ಅಂತಾರೆ. ಬಿಸಿ... ನಮ್ಮಜ್ಜನೂ ಬೇಸಿಗೇಲಿ ಕುಣೀತಾ ನಡೀತಿದ್ದ. ಆಗ ಊರಲ್ಲಿ ಎಷ್ಟು ಗೂಡಿದ್ವು? ಒಂದೂ ಇರ್ಲಿಲ್ಲ. ಹಾಗಾದ್ರೆ ನಮ್ಮಜ್ಜ ಯಾಕೆ ಕುಣೀತಿದ್ದ? ಅಜ್ಜಿ ತೌರಿಗೆ ಹೋಗಿದ್ಲೋ ಏನೋ." ಅದು ನಗಿಸಲೆಂದು ಆಡಿದ ಮಾತಾಗಿರಲಿಲ್ಲ ಎಂದು ನಾನು ಈಗಲೂ ನಂಬಿದ್ದೇನೆ. ಆದರೆ ಹಿಂದಿನ ಸಾಲಿನಲ್ಲಿ ಯಾರೋ ಗೊಳ್ಳೆಂದರು. ಸಿದ್ದ ಮಾತು ನಿಲ್ಲಿಸಿ ನಗು ಬಂದ ಕಡೆ ನೋಡಿದ. ಹಸಿದವನು ಪಕ್ಕದ ಮನೆಯ ಒಗ್ಗರಣೆ ವಾಸನೆಗೆ ತಲೆಯೆತ್ತಿದ ಹಾಗಿತ್ತು ಆ ನೋಟ.

ಆಮೇಲೆ ಅವನ ಬಾಯಿಂದ ಸೂಜಿಗಳೆಲ್ಲ ಉದುರಿಹೋದವು. "ಬೆಂಕಿ ಮೇಲಕ್ಕೆ ಹೋಗುತ್ತೋ ಕೆಳಕ್ಕೆ ಹೋಗುತ್ತೋ ಸ್ವಾಮಿ? ಗೂಡಿನ ಹೊಗೆ ಆಕಾಶಕ್ಕೆ ಹೋಗೋದನ್ನ ನಾವೆಲ್ಲ ಕಂಡಿದ್ದೀವಿ. ಹೊಗೆ ಒಂದು ಕಡೆ, ಬಿಸಿ ಒಂದು ಕಡೆ ಹೋಗೋಕೆ ಅವೇನು ಜಗಳ ಆಡಿದ ಗಂಡ ಹೆಂಡ್ತಿನಾ?" ಎಂದ. "ನೆಲ ಬಿಸಿಯಾಗಿಲ್ಲ, ನಮ್ಮ ಅಂಗಾಲು ಮೆತ್ತಗಾಗಿದೆ. ಮೆಟ್ಟು ಹಾಕಿ ಹಾಕಿ ಮಗೂನ ಕೆನ್ನೆ ಆಗಿದೆ" ಎಂದ. "ಬಿಸಿನೇ ಆಗಿದ್ರೂ ಏನು ಕಳ್ಕೊಂಡ್ವಿ? ಸೌದೆ ಇಲ್ದೆ ನೀರು ಕಾಯುತ್ತೆ, ಹೇಂಟೆ ಇಲ್ದೆ ಮರಿ ಆಗುತ್ತೆ. ಇನ್ನೊಂದು ಸ್ವಲ್ಪ ಕಾದ್ರೆ ಅನ್ನನೂ ತಾನೇ ಬೇಯುತ್ತೆ, ಆಗ ನಮ್ಮ ಹೆಂಗಸರು ಮಾತಾಡೋಕೆ ಪೂರ್ತಿ ಹೊತ್ತು ಸಿಗುತ್ತೆ" ಎಂದ. ಇವೆಲ್ಲ ಪಂಚಾಕ್ಷರಪ್ಪ ಹಿಂದಿನ ವರ್ಷಗಳಲ್ಲಿ ಅವನ ಮೇಲೆಯೇ ಎಸೆದಿದ್ದ ಮಾತುಗಳು. ಪ್ರತಿ ಸಲವೂ ಸೋತು ಮನೆಗೆ ಹೋಗಿ ಅದನ್ನೇ ಮಗುಚಿ ಹಾಕುತ್ತಿದ್ದವನಿಗೆ ಅದರ ಒಂದೊಂದು ಎಳೆಯೂ ಬಾಯಿಪಾಠವಾಗಿತ್ತು. ಹರಿದು ಬಂದ ಬಟ್ಟೆಯನ್ನು ಹೊಸದೆನ್ನುವ ಹಾಗೆ ಹೊಲಿದು ಕೊಟ್ಟ. ಗಂಡಸರು ತೊಡೆ ತಟ್ಟಿಕೊಂಡು ನಕ್ಕರು. ಗೊರಕೆ ಹೊಡೆಯುತ್ತಿದ್ದವರು ಮುಂದಕ್ಕೆ ಸರಿದು ಕೂತರು. ಅವನ ಹೆಂಡತಿ ಕೊಟ್ರಮ್ಮ ಮದುವೆಯಾದ ಮೇಲೆ ಮೊದಲ ಸಲ ಗಂಡನನ್ನು ನೋಡುವವಳಂತೆ ನೋಡುತ್ತಿದ್ದಳು.

ಹಣತೆ ಸಣ್ಣದಾಗುತ್ತಿತ್ತು. ಆಗ ಅವನ ಕಣ್ಣು ನನ್ನ ಮೇಲೆ ಬಿತ್ತು. ನಗುತ್ತಿರುವ ಜನ ಇನ್ನೊಂದಕ್ಕೆ ಕಾಯುತ್ತಿದ್ದರು, ಅವನ ಹತ್ತಿರ ಇನ್ನೊಂದಿರಲಿಲ್ಲ, ನಾನಿದ್ದೆ.

"ಇನ್ನು ನಮ್ಮಕ್ಕ. ಮೊಸರು ಹುಳಿಯಾದ್ರೆ ನೆಲದ ತಪ್ಪಂತೆ. ನಮ್ಮ ಭಾವ ಇದ್ದಾಗಲೂ ಹುಳಿಯಾಗ್ತಿತ್ತು, ಆಗ ಅದು ಭಾವನ ತಪ್ಪಾಗಿತ್ತು. ಪಾಪ ಭಾವ ಹೋದ್ರು. ಈಗ ತಪ್ಪು ಹೊರೋಕೆ ನೆಲ ಬಿಟ್ರೆ ಮನೇಲಿ ಯಾರೂ ಉಳಿದಿಲ್ಲ. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ. ಮೊಸರು ಮಾಡೋಕೆ ಬಾರದವಳು ನೆಲ ಬಿಸಿ ಅಂದ್ಲು."

ಮಂಟಪ ಹಾರಿಹೋಗುವಂತೆ ನಗು. ಅದರಲ್ಲಿ ನನ್ನದೂ ಇತ್ತು. ಬಲವಂತದ ನಗುವಲ್ಲ, ಹೊಟ್ಟೆಯಿಂದ ಎದ್ದು ಬಂದ ನಗು. ಯಾಕೆಂದರೆ ಅದು ನಿಜವಾಗಿತ್ತು. ಯಜಮಾನರಿದ್ದಾಗ ಮೊಸರು ಕೆಟ್ಟರೂ, ಮಳೆ ಬಂದರೂ ಬಾರದಿದ್ದರೂ ಬೈಸಿಕೊಳ್ಳುತ್ತಿದ್ದವರು ಅವರೇ. ಅವರು ಆ ಮಾತು ಕೇಳಿದ್ದರೆ ಎಲ್ಲರಿಗಿಂತ ಮೊದಲು ನಗುತ್ತಿದ್ದರು. ನಾನು ಸೆರಗು ಬಾಯಿಗಿಟ್ಟುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕೆ. ನಕ್ಕು ಮುಗಿಸಿ ಕಣ್ಣೊರೆಸಿಕೊಂಡಾಗ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಆಗ ನನಗೆ ಮೈಯೆಲ್ಲ ಹಿಡಿಯಾಯಿತು. ಆದರೆ ನಕ್ಕ ನಗುವನ್ನು ಮತ್ತೆ ಒಳಗೆ ಹಾಕಿಕೊಳ್ಳುವ ಉಪಾಯ ಯಾರಿಗೂ ಗೊತ್ತಿಲ್ಲ.

ಹಣತೆ ಆರಿತು. ನಾನು ಲೋಟಗಳನ್ನು ತುಂಬಿದೆ. ಮಜ್ಜಿಗೆ ಹುಳಿಯಾಗಿತ್ತು. ಶುಂಠಿ, ಕರಿಬೇವು, ಉಪ್ಪು ಎಲ್ಲ ಹಾಕಿದ್ದರೂ ಮೂಗಿಗೆ ಹೊಡೆಯುತ್ತಿತ್ತು. ಪಂಚಾಕ್ಷರಪ್ಪ ಲೋಟ ತೆಗೆದುಕೊಂಡು ಅಂಗಳದ ಅಂಚಿಗೆ ಹೋಗಿ, ಗಳಗಳ ಮುಕ್ಕಳಿಸಿ, ಎಲ್ಲರಿಗೂ ಕಾಣುವಂತೆ ಉಗಿದ. ತಾನು ಆಡಿದ್ದು ಕಲ್ಲಿನ ಮಾತು, ಗೂಡು ಆರಿಸುವ ಮನಸ್ಸು ತನಗಿಲ್ಲ ಎಂದಾಯಿತು. ಅವನ ಮಟ್ಟಿಗೆ ಅದು ಪ್ರಾಮಾಣಿಕವೇ. ಈಗ ಸಿದ್ದ. ಅವನು ಲೋಟ ಎತ್ತಿ ಬಾಯಿ ತುಂಬಿಕೊಂಡ. ಕೆನ್ನೆ ಎರಡೂ ಉಬ್ಬಿದವು. ಅಂಗಳದ ಕಡೆ ಎರಡು ಹೆಜ್ಜೆ ಇಟ್ಟ. ಜನ ಇನ್ನೂ ಅವನ ಮಾತನ್ನೇ ಹೇಳಿ ಹೇಳಿ ನಗುತ್ತಿದ್ದರು, ಯಾರೋ ಅವನ ಬೆನ್ನು ತಟ್ಟಿದರು, ಇನ್ಯಾರೋ ಭೇಷ್ ಸಿದ್ದಣ್ಣ ಎಂದರು. ಹುಟ್ಟಿದಾಗಿನಿಂದ ಅವನನ್ನು ಸಿದ್ದಣ್ಣ ಎಂದು ಕರೆದವರಿರಲಿಲ್ಲ. ಅವನು ನಿಂತ. ತಿರುಗಿ ಜನರನ್ನು ನೋಡಿದ. ಅವನ ಗಂಟಲಮಣಿ ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು.

ಸಭೆಯ ಹಿರಿಯ ಈರಭದ್ರಯ್ಯನವರು ಕೋಲೂರಿಕೊಂಡು ಹತ್ತಿರ ಬಂದರು. "ಏನಪ್ಪ ಸಿದ್ದ, ಕುಡಿದ್ಯಾ?"

"ಕುಡಿದೆ" ಎಂದ ಸಿದ್ದ.

ಮತ್ತೆ ಕೇಳುವುದೇನಿತ್ತು. ಇಷ್ಟು ವರ್ಷ ಹೌದು ಎನ್ನುತ್ತಿದ್ದವನೇ ಅಲ್ಲ ಎಂಬ ಮಾತನ್ನು ನುಂಗಿ ತನ್ನದು ಮಾಡಿಕೊಂಡಿದ್ದ. ಎಡಬಾಗಿಲಿಗೆ ನೂಕುನುಗ್ಗಲಾಯಿತು. ಬಲಬಾಗಿಲಿನಿಂದ ಹೊರಟವರು ನಾನು ಮತ್ತು ಕೆಳಗೇರಿಯ ನಾಲ್ಕೈದು ಮುದುಕಿಯರು. ನನ್ನ ಕೆನ್ನೆ ಇನ್ನೂ ನಕ್ಕು ನೋಯುತ್ತಿತ್ತು. "ಮೊಸರಕ್ಕನಿಗೇ ನಗು ಬಂತಲ್ಲಪ್ಪ, ಇನ್ನು ನಮ್ಮದೇನು" ಎಂದು ಯಾರೋ ಹೇಳಿದ್ದು ಕೇಳಿಸಿತು. ಮಂಟಪದ ಒಳಗೆ ಹಲಗೆ ನೆಲ, ಮೆಟ್ಟು ಹೊರಗೆ ಬಿಟ್ಟು ಬರಬೇಕು. ನೆಲ ಬಿಸಿಯಿಲ್ಲ ಎಂದು ಈಗ ತಾನೇ ತೀರ್ಮಾನಿಸಿ ಬಂದ ಗಂಡಸರೆಲ್ಲ ಅಂಗಳದಲ್ಲಿ ಒಂಟಿಕಾಲಲ್ಲಿ ಕುಪ್ಪಳಿಸುತ್ತಾ, ಸ್ಸ್ ಸ್ಸ್ ಎನ್ನುತ್ತಾ, ರಾಶಿಯಲ್ಲಿ ತಮ್ಮ ತಮ್ಮ ಮೆಟ್ಟು ಹುಡುಕುತ್ತಿದ್ದರು. ಬೇರೆ ದಿನವಾಗಿದ್ದರೆ ಅದನ್ನು ನೋಡಿ ನಗಬಹುದಿತ್ತು. ನನ್ನ ನಗು ಒಳಗೇ ಖರ್ಚಾಗಿತ್ತು.

ಮಾರನೇ ದಿನ ಬೆಳಿಗ್ಗೆ ಸಿದ್ದ ನನ್ನ ಮನೆಗೆ ಬಂದ. ಹೊಸ್ತಿಲ ಹೊರಗೇ ನಿಂತ.

"ಒಳಗೆ ಬಾರೋ" ಎಂದೆ.

"ಉಗಿಯೋಕೆ ಮನಸ್ಸು ಬರ್ಲಿಲ್ಲ ಅಕ್ಕ" ಎಂದ. "ಎಷ್ಟು ಜನ ನಗ್ತಿದ್ರು ನೋಡ್ದ್ಯಾ? ಅಷ್ಟನ್ನೂ ಉಗಿದುಬಿಡಬೇಕಾ ಅನ್ನಿಸ್ತು. ಒಂದೇ ಒಂದು ಕ್ಷಣ. ನುಂಗಿದ ಮೇಲೆ ಗೊತ್ತಾಯ್ತು."

ಬೈಯಬೇಕೆಂದು ನಾಲಿಗೆಯ ತುದಿಗೆ ಬಂದದ್ದೆಲ್ಲ ಅಲ್ಲೇ ನಿಂತಿತು. ಬೈಯುವ ಅಧಿಕಾರ ನನಗೆಲ್ಲಿತ್ತು? ಅವನು ಒಂದು ಗುಟುಕು ನುಂಗಿದ್ದ. ನಾನು ಅದಕ್ಕಿಂತ ಮೊದಲೇ ನಕ್ಕಿದ್ದೆ. "ಹುಳಿಯಾಗಿತ್ತಾ?" ಎಂದು ಕೇಳಿದೆ.

"ಗಂಟಲು ಉರಿಯೋ ಹಾಗಿತ್ತು" ಎಂದ ಅವನು.

ಗೂಡುಗಳು ಉರಿದವು, ಹೊಸದಾಗಿ ಇನ್ನೂ ಕೆಲವು ಎದ್ದವು. ದೀಪಾವಳಿಯ ಹೊತ್ತಿಗೆ ಪಕ್ಕದ ಮನೆ ಬಿಡಿಸಿದ ಬಿಸಿ ನನ್ನ ಹೊಸ್ತಿಲೂ ದಾಟಿತು. ನೆಲುವಿನಲ್ಲಿ ತೂಗುತ್ತಿದ್ದ ಹಾಲು ತಾನಾಗಿಯೇ ಒಡೆಯತೊಡಗಿತು. ನಾನು ಅತ್ತೆಯ ಕಾಲದ ಗಡಿಗೆಯೊಂದನ್ನು ಸೊಂಟದಲ್ಲಿಟ್ಟುಕೊಂಡು ತಮ್ಮನ ಮನೆಯ ಮಾಳಿಗೆ ಸೇರಿದೆ. ಸಿದ್ದ ನನಗೆಂದು ಬೀಟೆ ಮರದ ಮೆಟ್ಟು ಮಾಡಿಸಿಕೊಟ್ಟ. ಊರಲ್ಲಿ ಯಾರ ಕಾಲಲ್ಲೂ ಇಲ್ಲದಷ್ಟು ದಪ್ಪ ಅಟ್ಟೆಯದು. ಕೊಟ್ಟಾಗ ನನ್ನ ಮುಖ ನೋಡಲಿಲ್ಲ. ಕೊಟ್ರಮ್ಮ ಒಳ್ಳೆಯವಳು, ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಆದರೆ ಅವರ ಮನೆಯ ಮೊಸರನ್ನು ಅವಳೇ ಹೆಪ್ಪು ಹಾಕುತ್ತಿದ್ದಳು, ನಾನು ಕೈ ಹಾಕುತ್ತಿರಲಿಲ್ಲ.

ಸಿದ್ದನ ಮಾತು ಊರಿನ ಗಾದೆಯಾಯಿತು. ಸಾರಿಗೆ ಉಪ್ಪು ಹೆಚ್ಚಾದರೆ ನೆಲ ಬಿಸಿ ಅಂತ ಹೇಳು ಎನ್ನುತ್ತಿದ್ದರು. ಅಳಿಯ ತಡವಾಗಿ ಬಂದರೆ, ಎತ್ತು ಕುಂಟಿದರೆ, ಎಲ್ಲದಕ್ಕೂ ಅದೇ. ದರ್ಜಿ ಅಂಗಡಿಗೆ ಬಂದವರೆಲ್ಲ ಇನ್ನೊಂದ್ಸಲ ಹೇಳಿ ಸಿದ್ದಣ್ಣ ಎಂದು ಪೀಡಿಸುತ್ತಿದ್ದರು. ಅವನು ಮತ್ತೆ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಹೂಂ ಎನ್ನುವುದಕ್ಕೂ ಬಾಯಿ ತೆರೆಯುತ್ತಿರಲಿಲ್ಲ. ಒಂದೊಂದು ದಿನ ಬೆಳಿಗ್ಗೆ ಅವನು ಹಿತ್ತಿಲಲ್ಲಿ ನಿಂತು ಬಹಳ ಹೊತ್ತು ಬಾಯಿ ಮುಕ್ಕಳಿಸುವುದನ್ನು ನಾನು ಮಾಳಿಗೆಯ ಕಿಟಕಿಯಿಂದ ನೋಡುತ್ತಿದ್ದೆ.

ಮತ್ತೆ ಯುಗಾದಿ ಬಂತು, ಮತ್ತೆ ಮಂಟಪ. ಈ ಸಲ ಸಿದ್ದನಿಗೆ ಬಿಳಿಕಲ್ಲು. ಕಲ್ಲು ಕಂಡು ಅವನ ಮುಖ ಅರಳಿತು, ಪಾಪ. ಎದ್ದು ನಿಂತು, "ನೆಲ ಬಿಸಿಯಾಗಿದೆ. ನಮ್ಮಕ್ಕನ ಮನೆ ಹೋಗಿದೆ" ಎಂದ. ಅಷ್ಟಕ್ಕೇ ಹಿಂದಿನಿಂದ ಯಾರೋ, ಮೊಸರು ಮಾಡೋಕೆ ಬಾರದವಳು ಎಂದರು. ಜನ ನಕ್ಕರು. "ಗೂಡಿನ ಬಿಸಿ ನೆಲದೊಳಗೆ ಇಳೀತಿದೆ" ಎಂದ. ಜಗಳ ಆಡಿದ ಗಂಡ ಹೆಂಡ್ತಿನಾ ಎಂದರು ಇನ್ಯಾರೋ. ಅವನು ಹೇಳಿದ ಪ್ರತಿಯೊಂದಕ್ಕೂ ಅವನೇ ಹೊಲಿದುಕೊಟ್ಟ ಉತ್ತರ ಊರಿನ ಬಾಯಲ್ಲಿ ಸಿದ್ಧವಿತ್ತು. ಪಂಚಾಕ್ಷರಪ್ಪ ಕರಿಕಲ್ಲು ಹಿಡಿದು ಎದ್ದು, ಹೇಳಬೇಕಾದ್ದನ್ನೆಲ್ಲ ಎದುರಾಳಿಯೇ ಹೋದ ವರ್ಷ ಹೇಳಿದ್ದಾನೆ ಎಂದಷ್ಟೇ ಹೇಳಿ ಕೂತ. ಅವನ ಹಣತೆ ಸುಮ್ಮನೆ ಉರಿಯಿತು.

ಕೊಟ್ರಮ್ಮನ ಮನೆಯ ಮಜ್ಜಿಗೆಯನ್ನು ನಾನು ಲೋಟಕ್ಕೆ ಬಗ್ಗಿಸಿದೆ. ಪಂಚಾಕ್ಷರಪ್ಪ ತನ್ನ ಲೋಟವನ್ನು ಒಂದೇ ಗುಟುಕಿಗೆ ಕುಡಿದು ಮೀಸೆ ಒರೆಸಿಕೊಂಡ. ಸಿದ್ದ ಲೋಟ ಎತ್ತಿದ.

"ಹೋದ ವರ್ಷ ಕರಿಕಲ್ಲಿಗೂ ಕುಡಿದೆಯಲ್ಲೋ" ಎಂದ ಒಬ್ಬ. "ಈ ವರ್ಷ ಬಿಳಿಕಲ್ಲಿಗೂ ಕುಡೀತೀಯೇನೋ? ಎರಡೂ ಕಡೆ ಕುಡಿಯೋನ ಮಾತು ಯಾರು ಕೇಳ್ತಾರೆ?"

ಕೇಳಬೇಕಾದ ಪ್ರಶ್ನೆಯೇ. ಕುಡಿದರೆ ಹಗಲುವೇಷದವನು. ಉಗಿದರೆ ನೆಲ ಬಿಸಿ ಎಂಬುದೇ ಸುಳ್ಳಾಗುತ್ತದೆ. ಸಿದ್ದ ಬಾಯಿ ತುಂಬಿಕೊಂಡ. ನುಂಗಲಿಲ್ಲ, ಉಗಿಯಲಿಲ್ಲ. ಉಬ್ಬಿದ ಕೆನ್ನೆಯಲ್ಲೇ ಅಂಗಳಕ್ಕಿಳಿದು ಮೆಟ್ಟು ಹಾಕಿಕೊಂಡು ಬೀದಿಗಿಳಿದ. ತಮಾಷೆ ನೋಡಲು ಜನ ಹಿಂದೆ ಬಂದರು. ನಾನು ಗಡಿಗೆ ಎತ್ತಿಕೊಂಡು ಅವನ ಜೊತೆಗೇ ಓಡಿದೆ. ಅಷ್ಟೊಂದು ಮರದ ಮೆಟ್ಟುಗಳು ಒಟ್ಟಿಗೆ ಟಕಟಕ ಎನ್ನುವ ಸದ್ದಿಗೆ ಮಾಳಿಗೆಯ ಬೆಕ್ಕುಗಳು ಎದ್ದು ನಿಂತು ನೋಡಿದವು. ಅವನು ಒಂದೂ ಮಾತಿಲ್ಲದೆ ಇಳಿದು ಇಳಿದು ನನ್ನ ಹಳೆಯ ಮನೆಯ ಮುಂದೆ ನಿಂತ. ಆ ಬೀದಿಗೆ ಈಗ ಯಾರೂ ಬರುತ್ತಿರಲಿಲ್ಲ. ಬಗ್ಗಿ, ನನ್ನ ಹೊಸ್ತಿಲ ಕಲ್ಲಿನ ಮೇಲೆ ಬಾಯಲ್ಲಿದ್ದುದನ್ನೆಲ್ಲ ಉಗಿದ.

ಕಾದ ಹಂಚಿಗೆ ದೋಸೆ ಹಿಟ್ಟು ಬಿಟ್ಟ ಹಾಗೆ ಚುಂಯ್ ಎಂದಿತು. ಬಿಳಿ ಆವಿ ಎದ್ದು, ಸೀದ ಹಾಲಿನ ವಾಸನೆ ಎಲ್ಲರ ಮೂಗಿಗೂ ಹೊಡೆಯಿತು. ಕಲ್ಲಿನ ಮೇಲೆ ಒಣಗಿದ ಒಂದು ಕಲೆ ಉಳಿಯಿತು.

"ಇದು ಹೋದ ವರ್ಷದ್ದು" ಎಂದ ಸಿದ್ದ ಏದುಸಿರು ಬಿಡುತ್ತಾ. "ಹೋದ ವರ್ಷ ಉಗಿಯಬೇಕಿತ್ತು. ಈಗ ಉಗಿದಿದ್ದೀನಿ. ಅಕ್ಕ, ಈ ವರ್ಷದ್ದು ಕೊಡು, ಕುಡೀತೀನಿ." ನಾನು ಗಡಿಗೆಯಿಂದ ಅವನ ಬೊಗಸೆಗೇ ಬಗ್ಗಿಸಿದೆ. ಅವನು ಕುಡಿದ.

ಎಲ್ಲರೂ ಆ ಕಲೆಯನ್ನೇ ನೋಡುತ್ತಿದ್ದರು. ಆಮೇಲೆ ಈರಭದ್ರಯ್ಯನವರು, ಗದರಿಸದೆ, ಮಗುವಿಗೆ ಹೇಳುವ ಹಾಗೆ ಹೇಳಿದರು. "ಸಿದ್ದ, ಉಗಿಯೋದು ಮಂಟಪದ ಅಂಗಳದಲ್ಲಿ ಕಣಪ್ಪ. ಬೀದೀಲಿ ಉಗಿದ್ರೆ ಅದು ಬರೀ ಉಗುಳು."

ಜನರ ಮೈ ಹಗುರಾದದ್ದು ಕಣ್ಣಿಗೆ ಕಾಣುವಂತಿತ್ತು. ಯಾರೋ ಹಿಂದಿನಿಂದ, ಕುಣಿಯೋಕೆ ಬಾರದವಳು ಎಂದು ಶುರು ಮಾಡಿದರು. ಉಳಿದದ್ದನ್ನು ಹೇಳುವ ಅಗತ್ಯವಿರಲಿಲ್ಲ, ನಗು ಎದ್ದಿತು. ಹೇಳಲು ನಾಚಿಕೆಯಾಗುತ್ತದೆ, ನನ್ನ ಮನೆಯ ಮುಂದೆ, ನನ್ನ ತಮ್ಮನ ಬೆಂದ ಮುಖದ ಎದುರು ನಿಂತು ನನ್ನ ತುಟಿಯೂ ಅಭ್ಯಾಸದಿಂದ ಅಲುಗಿತು. ಅದು ನನಗೇ ಗೊತ್ತಾಗಿ, ನನ್ನ ಮೇಲೆ ನನಗೆ ಬಂದ ಸಿಟ್ಟು ಅವರ ಮೇಲೆ ಹೊರಬಿತ್ತು.

"ಮೆಟ್ಟು ಬಿಚ್ಚಿ ನಿಂತ್ಕೊಂಡು ನಗ್ರಪ್ಪ" ಎಂದೆ. "ಬಿಚ್ಚಿ ನಿಂತ್ರೆ ನಾನೂ ನಿಮ್ಮ ಜೊತೆ ನಗ್ತೀನಿ."

ನಗು ನಿಂತಿತು. ಪಂಚಾಕ್ಷರಪ್ಪ ಮೊದಲು ತನ್ನ ಕಾಲು ನೋಡಿಕೊಂಡ, ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ನೋಡಿಕೊಂಡರು. ಯಾರೂ ಬಿಚ್ಚಲಿಲ್ಲ. ಈರಭದ್ರಯ್ಯನವರು ಕೋಲು ತಿರುಗಿಸಿ ಹೊರಟರು, ಅವರ ಹಿಂದೆ ಉಳಿದವರು. ಬಾಗಿಲುಗಳು ಮಂಟಪದಲ್ಲಿ ಕಾಯುತ್ತಿದ್ದವು, ಯಾವ ಬಾಗಿಲಿನಿಂದ ಹೋಗುತ್ತಾರೆಂದು ಕೇಳುವ ಅಗತ್ಯವಿರಲಿಲ್ಲ. ಟಕಟಕ ಸದ್ದು ಮೇಲಿನ ಬೀದಿಯ ಕಡೆ ಏರುತ್ತಾ ಹೋಯಿತು.

ತಿರುಗಿ ನೋಡಿದರೆ ಸಿದ್ದ ಮೆಟ್ಟು ಬಿಚ್ಚಿ ಪಕ್ಕಕ್ಕಿಟ್ಟು, ಬರಿಗಾಲಲ್ಲಿ ನನ್ನ ಹೊಸ್ತಿಲ ಕಲ್ಲಿನ ಮೇಲೆ ನಿಂತಿದ್ದ. ತುಟಿ ಕಚ್ಚಿಕೊಂಡಿದ್ದ.

"ಇಳಿಯೋ, ಅಂಗಾಲು ಬೇಯುತ್ತೆ" ಎಂದೆ.

"ಬೇಯಲಿ ಬಿಡಕ್ಕ."

ನಾನು ಗಡಿಗೆ ಇಳಿಸಿ, ಅವನ ರಟ್ಟೆ ಹಿಡಿದು ಎಳೆದೆ. ಅವನು ಅಲುಗಲಿಲ್ಲ, ತಲೆ ಬಗ್ಗಿಸಿಕೊಂಡು ನನ್ನ ಕಾಲನ್ನೇ ನೋಡುತ್ತಿದ್ದ. ಅವನು ನೋಡುತ್ತಿದ್ದುದನ್ನು ನಾನೂ ನೋಡಿದೆ. ಊರಿಗೆಲ್ಲ ಬಿಚ್ಚಿ ಎಂದು ಹೇಳಿದವಳ ಕಾಲಲ್ಲಿ ಅವನು ಮಾಡಿಸಿಕೊಟ್ಟ ಬೀಟೆ ಮರದ ಮೆಟ್ಟು ಹಾಗೆಯೇ ಇತ್ತು.